ಇಸ್ರೋ ದುಡ್ಡಿಗಿಂತ ಮುಂಚೆ ಬೇಕಾಗೋ ದುಡ್ಡಿನ ಬಗ್ಗೆ

2024ರ ಡಿಸೆಂಬರ್ 30ರ ರಾತ್ರಿ ಇಸ್ರೋದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಹೋದಾಗ ಎಲ್ರೂ ಮಾತಾಡಿದ್ದು ಸ್ಪೇಡೆಕ್ಸ್ ಬಗ್ಗೆ, ಅಂದ್ರೆ ಎರಡು ಉಪಗ್ರಹಗಳನ್ನ ಅಂತರಿಕ್ಷದಲ್ಲೇ ಜೋಡಿಸೋ ಪ್ರಯೋಗದ ಬಗ್ಗೆ. ದೊಡ್ಡ ಸಾಧನೆನೇ ಅದು. ಆದ್ರೆ ಅದೇ ರಾಕೆಟ್ಟಿನ ಕೊನೆ ಹಂತದಲ್ಲಿ, ಪೋಯೆಮ್-4 ಅಂತಾರಲ್ಲ, ಅದ್ರಲ್ಲಿ 24 ಪೇಲೋಡ್, ಅಂದ್ರೆ ಪ್ರಯೋಗದ ಉಪಕರಣಗಳು, ಇದ್ವು. ಒಂದು ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಕಾಲೇಜಿನವರ ಹ್ಯಾಮ್ ರೇಡಿಯೋ ಪೇಲೋಡು, ಇನ್ನೊಂದು ಬೆಂಗಳೂರಿನ ಆರ್‌ವಿ ಇಂಜಿನಿಯರಿಂಗ್ ಕಾಲೇಜಿನದು, ನಮ್ಮ ಕರುಳಲ್ಲಿರೋ ಬ್ಯಾಕ್ಟೀರಿಯಾ ಅಂತರಿಕ್ಷದಲ್ಲಿ ಹೇಗೆ ಬೆಳೆಯುತ್ತೆ ಅಂತ ನೋಡೋಕೆ ಮಾಡಿದ್ದು. 2010ರಲ್ಲಿ ಬೆಂಗಳೂರು, ಹೈದರಾಬಾದಿನ 7 ಕಾಲೇಜಿನ ಹುಡುಗರು ಸೇರಿ ಮಾಡಿದ ಸ್ಟಡ್‌ಸ್ಯಾಟ್ ಉಪಗ್ರಹ ಹೋಯ್ತು, ತೂಕ ಒಂದು ಕೆಜಿನೂ ಇರ್ಲಿಲ್ಲ. 2016ರಲ್ಲಿ ಬೆಂಗಳೂರಿನ ಪಿಇಎಸ್ ಯೂನಿವರ್ಸಿಟಿಯವರ ಪೈಸ್ಯಾಟ್ ಉಪಗ್ರಹ.

ನಂಗೆ ಇದನ್ನೆಲ್ಲ ನೋಡಿದಾಗ ಹೆಮ್ಮೆ ಆಗುತ್ತೆ, ಜೊತೆಗೆ ಒಂದು ಪ್ರಶ್ನೆನೂ ಏಳುತ್ತೆ. ಹೆಚ್ಚುಕಮ್ಮಿ ಎಲ್ಲವೂ ಬೆಂಗಳೂರು, ಇಲ್ಲಾಂದ್ರೆ ಅದರ ಪಕ್ಕ. ಕಲಬುರಗಿ, ಬಳ್ಳಾರಿ, ಹಾಸನ, ಕಾರವಾರದ ಕಾಲೇಜಲ್ಲಿ ಪಾಠ ಮಾಡೋರಿಗೆ ತಲೆ ಇಲ್ವಾ? ಇದೆ, ಚೆನ್ನಾಗೇ ಇದೆ, ನಾನೂ ಇಂಥದ್ದೇ ಒಂದು ಊರಲ್ಲಿ ಪಾಠ ಮಾಡೋನು, ದಿನಾ ನೋಡ್ತೀನಿ. ಇಲ್ದೇ ಇರೋದು ಮೊದಲ ದುಡ್ಡು.

ಇಸ್ರೋದ ರೆಸ್ಪಾಂಡ್ ಸ್ಕೀಮ್ ಎಪ್ಪತ್ತರ ದಶಕದಿಂದ ಯೂನಿವರ್ಸಿಟಿಗಳಿಗೆ ಪ್ರಾಜೆಕ್ಟ್ ಕೊಡ್ತಾ ಬಂದಿದೆ, ಏರೋನಾಟಿಕ್ಸ್‌ಗೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಕಡೆಯ ಎಆರ್‌&ಡಿಬಿ ಅನ್ನೋ ಮಂಡಳಿ ಇದೆ. ಒಳ್ಳೆ ಸ್ಕೀಮುಗಳು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಂಥ ಕಡೆ ಪ್ರಪೋಸಲ್ ಬರೆಯೋಕೆ ಕೂತ್ರೆ ಈ ವಿಷಯದಲ್ಲಿ ನಿಮ್ಮ ಹಿಂದಿನ ಕೆಲಸ ಏನು, ಪೇಪರ್ ಎಷ್ಟು, ಲ್ಯಾಬಲ್ಲಿ ಏನೇನಿದೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಹಿಂದಿನ ಕೆಲಸ ಮಾಡೋಕೇ ದುಡ್ಡಿರ್ಲಿಲ್ಲ ಸ್ವಾಮಿ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆನೇ ಇದು. ಐಐಎಸ್ಸಿ, ಐಐಟಿಯಲ್ಲಿ ಹೊಸದಾಗಿ ಸೇರಿದೋರಿಗೆ ಶುರುವಿಗೇ ಸಂಸ್ಥೆ ಸೀಡ್ ಗ್ರಾಂಟ್, ಅಂದ್ರೆ ಕೆಲಸ ಶುರು ಮಾಡೋ ದುಡ್ಡು, ಕೊಡುತ್ತೆ, ಅವರ ಮೊದಲ ಡೇಟಾ ಅಲ್ಲಿಂದ ಬರುತ್ತೆ. ನಮ್ಮಂಥ ಕಡೆ ಸೇರಿದೋರಿಗೆ ವಾರಕ್ಕೆ ಹದಿನಾರು ಗಂಟೆ ಕ್ಲಾಸು.

ಭೂವಿಜ್ಞಾನದಲ್ಲಂತೂ ಇದು ನಿಜವಾಗ್ಲೂ ಹೊಟ್ಟೆ ಉರಿಸುತ್ತೆ. 2025ರ ಜುಲೈ 30ಕ್ಕೆ ನಾಸಾ-ಇಸ್ರೋ ಸೇರಿ ನಿಸಾರ್ ಉಪಗ್ರಹ ಹಾರಿಸಿದ್ರು, ಅದು 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ವಾಪಸ್ ಬರುತ್ತೆ, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದ್ರೂ ಅದರ ರಾಡಾರ್ ಹಿಡಿಯುತ್ತೆ, ಅದ್ರಲ್ಲಿರೋ ಎಲ್-ಬ್ಯಾಂಡ್ ಅನ್ನೋ ಉದ್ದ ಅಲೆಯ ರಾಡಾರಿಗೆ ಮೋಡ ಅಡ್ಡಿ ಅಲ್ಲ, ಕಾಡಿನ ಎಲೆ ಹೊದಿಕೆಯನ್ನೂ ಒಂದು ಮಟ್ಟಿಗೆ ದಾಟಿ ನೋಡುತ್ತೆ. ಡೇಟಾ ಎಲ್ರಿಗೂ ಫ್ರೀ. 2018ರ ಕೊಡಗು, 2024ರ ಜುಲೈಯಲ್ಲಿ ಅಂಕೋಲದ ಶಿರೂರು, ಇಂಥ ಕುಸಿಯೋ ಗುಡ್ಡಗಳನ್ನ ಓದೋಕೆ ಇದಕ್ಕಿಂತ ಒಳ್ಳೆ ಸಾಧನ ಸಿಗಲ್ಲ. ಆದ್ರೆ ಉಪಗ್ರಹ ಹೇಳಿದ್ದು ಸರಿನಾ ಅಂತ ನೋಡೋಕೆ ಗುಡ್ಡದ ಮೇಲೆ ಯಾರೋ ಒಂದು ಒಳ್ಳೆ ಜಿಪಿಎಸ್ ರಿಸೀವರ್ ಇಡ್ಬೇಕು, ಮಣ್ಣಿನ ತೇವ ಅಳೆಯೋ ಸೆನ್ಸರ್ ಹೂಳ್ಬೇಕು, ಮಳೆಲೂ ಜೀಪ್ ಮಾಡ್ಕೊಂಡು ಹೋಗಿ ಬರ್ಬೇಕು, ಒಬ್ಬ ಹುಡುಗನಿಗೆ ಸ್ಟೈಪೆಂಡ್ ಕೊಡ್ಬೇಕು. ಕೆಲವು ಲಕ್ಷದ ಮಾತು. ಆ ಗುಡ್ಡದ ಕೆಳಗಿನ ಊರಿನ ಕಾಲೇಜಿನ ಜಿಯಾಲಜಿ ಮೇಷ್ಟ್ರಿಗೆ ಅದರ ಪ್ರತಿ ಹಳ್ಳ ಗೊತ್ತಿರುತ್ತೆ, ದೂರದ ಲ್ಯಾಬಿನವರಿಗೆ ಗೊತ್ತಿರಲ್ಲ.

ಅಮೆರಿಕದಲ್ಲಿ ಎಂಬತ್ತರ ದಶಕದ ಕೊನೆಯಿಂದ ಸ್ಪೇಸ್ ಗ್ರಾಂಟ್ ಅಂತ ಇದೆ, ಪ್ರತಿ ರಾಜ್ಯದಲ್ಲೂ ಯೂನಿವರ್ಸಿಟಿಗಳ ಒಂದು ಒಕ್ಕೂಟ, ನಾಸಾ ದುಡ್ಡು ಆ ಒಕ್ಕೂಟದ ಮೂಲಕ ಸಣ್ಣ ಸಣ್ಣ ಕಾಲೇಜಿನವರೆಗೂ ಇಳಿಯುತ್ತೆ. ಸಂಶೋಧನೆ ಹಣ ಕಮ್ಮಿ ಸಿಗೋ ರಾಜ್ಯಗಳಿಗೇ ಅಂತ ಎಪ್ಸ್ಕೋರ್ ಅನ್ನೋ ಸ್ಕೀಮ್ ಬೇರೆ. ರಾಜ್ಯ ರಾಜ್ಯಕ್ಕೂ ಪಾಲು ಅನ್ನೋ ಆ ಲೆಕ್ಕಾಚಾರ ನಮಗೆ ಜಿಲ್ಲೆ ಜಿಲ್ಲೆಗೂ ಬೇಕು. ನಮ್ಮಲ್ಲಿ ರಾಜ್ಯದ ವಿಜ್ಞಾನ-ತಂತ್ರಜ್ಞಾನ ತಂಡ ವಿಜಿಎಸ್‌ಟಿ ಯುವ ವಿಜ್ಞಾನಿಗಳಿಗೆ ಅಂತಲೇ ಸೀಡ್ ಮನಿ ಕೊಟ್ಟಿದೆ, ಅಂದ್ರೆ ದಾರಿ ಹೊಸದಲ್ಲ, ಅಗಲ ಮಾಡ್ಬೇಕು ಅಷ್ಟೆ. ಕೇಂದ್ರದ್ದು 2023ರಲ್ಲಿ ಕಾನೂನು ಮಾಡಿದ ಎಎನ್‌ಆರ್‌ಎಫ್ ಅನ್ನೋ ಸಂಶೋಧನಾ ಪ್ರತಿಷ್ಠಾನ ಇದೆ, ಐದು ವರ್ಷಕ್ಕೆ 50,000 ಕೋಟಿ ಅಂದ್ರು, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರ್ಬೇಕು. ಜಿಲ್ಲಾ ಕಾಲೇಜಿನ ಮೊದಲ ಪ್ರಯೋಗಕ್ಕೆ ಖಾಸಗಿ ಕಂಪನಿ ದುಡ್ಡು ಹಾಕುತ್ತೆ ಅಂತ ನಂಗಂತೂ ನಂಬಿಕೆ ಇಲ್ಲ.

ದುಡ್ಡು ಸಿಕ್ಕಿದ್ರೂ ಟೈಮು ಮುಖ್ಯ. ನಂಗೆ ಒಂದ್ಸಲ ಒಂದು ಕಡೆಯಿಂದ ಮಳೆ ಅಳೆಯೋ ಕೆಲಸಕ್ಕೆ ಸಣ್ಣ ಗ್ರಾಂಟ್ ಬಂತು. ಮಳೆ ಶುರುವಾಗೋದು ಜೂನಲ್ಲಿ, ದುಡ್ಡು ಅಕೌಂಟಿಗೆ ಬಂದಿದ್ದು ಜನವರಿಲಿ, ಮಾರ್ಚ್ 31ರೊಳಗೆ ಖರ್ಚು ಮಾಡಿ ಯುಸಿ (ಖರ್ಚಿನ ಸರ್ಟಿಫಿಕೇಟ್) ಕಳ್ಸಿ ಇಲ್ಲಾಂದ್ರೆ ವಾಪಸ್ ಅಂದ್ರು. ಮೂರು ಕೊಟೇಶನ್ ತರಿಸೋಷ್ಟರಲ್ಲಿ ಫೆಬ್ರವರಿ ಮುಗೀತು. ಇದರ ಮೇಲೆ ಜಿಎಸ್‌ಟಿ, ಸಂಶೋಧನಾ ಸಂಸ್ಥೆಗಳು ಕೊಳ್ಳೋ ಉಪಕರಣಕ್ಕೆ 5% ಇದ್ದಿದ್ದು 2022ರ ಜುಲೈಯಲ್ಲಿ ಎಷ್ಟೋ ಉಪಕರಣಗಳಿಗೆ 18% ಆಯ್ತು, ಕೋಟಿ ಬಜೆಟ್ ಇರೋರು ತಡ್ಕೊಳ್ತಾರೆ, ಮೂರು ಲಕ್ಷದವನಿಗೆ ಒಂದು ಸೆನ್ಸರ್ ಹೋದ ಹಾಗೆ.

ನಾನು ಕೇಳೋದು ಜಾಸ್ತಿ ಏನಿಲ್ಲ. ಐದು ಲಕ್ಷದೊಳಗಿನ ಗ್ರಾಂಟು, ನಾಲ್ಕು ಪುಟದ ಅರ್ಜಿ, ಹಿಂದಿನ ಪೇಪರ್ ಕೇಳ್ಬಾರ್ದು, ಎರಡು ಮಳೆಗಾಲ ಪೂರ್ತಿ ಸಿಗೋ ಹಾಗೆ ಅವಧಿ, ಮಾರ್ಚಲ್ಲಿ ಉಳಿದ ಹಣ ಮುಂದಿನ ವರ್ಷಕ್ಕೆ ಹೋಗ್ಬೇಕು, ಪ್ರಯೋಗ ಕೈಕೊಟ್ರೆ ಯಾಕೆ ಕೈಕೊಡ್ತು ಅಂತ ಬರೆದ ರಿಪೋರ್ಟನ್ನೂ ಒಪ್ಕೋಬೇಕು. ಕಾಲೇಜುಗಳ ಆಡಳಿತ ಮಂಡಳಿಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ಅವರಿಗೂ ಒಂದು ಮಾತು. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನಲ್ಲಿ ಟೀಚರ್‌ಗಳಿಗೆ ಸೀಡ್ ಮನಿ ಕೊಟ್ಟಿದೀರಾ ಅನ್ನೋ ಪ್ರಶ್ನೆ ಇದೆ, ಅದಕ್ಕೆ ಫೈಲ್ ರೆಡಿ ಮಾಡೋ ವರ್ಷ ಮಾತ್ರ ಅಲ್ಲ, ಪ್ರತಿ ವರ್ಷ ಕೊಡಿ, ಇಬ್ಬರಿಗೆ ಎರಡೆರಡು ಲಕ್ಷ ಆದ್ರೂ ಸಾಕು, ಮಳೆ ಮೇಲೆ ಕೆಲಸ ಮಾಡೋರಿದ್ರೆ ಅವರಿಗೆ ಏಪ್ರಿಲ್‌ನಲ್ಲೇ ಕೊಡಿ.