ಅಪ್ಪ ಒಬ್ಬರೇ, ಹೆಸರು ಮೂರು

ನಮ್ಮ ಅಪ್ಪ ತೀರಿಕೊಂಡು ಏಳು ತಿಂಗಳಾದವು. ಅವರು ಸತ್ತದ್ದನ್ನು ಯಾರೂ ಅನುಮಾನಿಸಲಿಲ್ಲ. ಅವರು ಯಾರು ಎಂಬುದನ್ನು ಮಾತ್ರ ಯಾವ ಕಚೇರಿಯೂ ಒಪ್ಪುತ್ತಿಲ್ಲ. ಗದಗ ಜಿಲ್ಲೆಯ ನಮ್ಮೂರಿನ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವರು ಬಸವಣ್ಣೆಪ್ಪ, ಹುಬ್ಬಳ್ಳಿಯ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಸವರಾಜ, ಆಧಾರ್ ಕಾರ್ಡಿನಲ್ಲಿ ಬಸಪ್ಪ. ಮೊದಲನೆಯದು ಅಂದಿನ ತಲಾಟಿ ಬರೆದದ್ದು, ಎರಡನೆಯದು ಸಾಲಿ ಮಾಸ್ತರರು ದಾಖಲೆಗೆ ಹಚ್ಚಿದ್ದು, ಮೂರನೆಯದು ಊರೆಲ್ಲ ಕರೆದದ್ದು. ನಮ್ಮ ಕಡೆ ಇಂಥ ಮೂರು ಹೆಸರಿನ ಹಿರಿಯರು ಇಲ್ಲದ ಓಣಿಯೇ ಇಲ್ಲ.

ಮರಣ ನೋಂದಣಿಯಲ್ಲಿ ನಾವು ತಡಮಾಡಲಿಲ್ಲ. ಅಪ್ಪ ಮನೆಯಲ್ಲೇ ಹೋದದ್ದರಿಂದ ತಿಳಿಸುವ ಹೊಣೆ ಮನೆಯವರದೇ ಆಗಿತ್ತು. 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ, 30 ದಿನ ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು ಎಂಬುದು ಗೊತ್ತಿದ್ದುದರಿಂದ, ಶಿವಗಣಾರಾಧನೆಗೆ ಮೊದಲೇ ಅರ್ಜಿ ಕೊಟ್ಟು ಐದು ಪ್ರತಿ ತೆಗೆಸಿಟ್ಟೆವು. ಆಧಾರ್ ನೋಡಿ ಬರೆದದ್ದರಿಂದ ಪ್ರಮಾಣಪತ್ರದಲ್ಲಿ ಬಸಪ್ಪ ಎಂದೇ ಬಂತು. ನಮ್ಮ ಪಾಡು ಅಲ್ಲಿಂದ ಸುರುವಾಯಿತು.

ಬ್ಯಾಂಕಿನಲ್ಲಿದ್ದ ಅಪ್ಪನ ಠೇವಣಿಗೆ ಅವ್ವನೇ ನಾಮಿನಿ. ಅರ್ಜಿ, ಮರಣ ಪ್ರಮಾಣಪತ್ರ, ಅವ್ವನ ಗುರುತಿನ ಚೀಟಿ ಎಲ್ಲವನ್ನೂ ಕೊಟ್ಟಾಗ, ಬಸಪ್ಪ ಮತ್ತು ಬಸವರಾಜ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ತರಲು ಹೇಳಿದರು. ಅದು ನ್ಯಾಯವಾದ ಮಾತು, ಮರುದಿನವೇ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ ಕೊಟ್ಟೆವು. ಹದಿನೈದು ದಿನ ಬಿಟ್ಟು ಹೋದರೆ, ‘ಇದ್ರಾಗ ಆಗಂಗಿಲ್ರೀ ಬಾಯಾರ, ಕೋರ್ಟಿನಿಂದ ವಾರಸಾ ಸರ್ಟಿಫಿಕೇಟ್ ತಗೊಂಡು ಬರ್ರಿ’ ಎಂದರು. ನಾಮಿನಿ ಇರುವ ಖಾತೆಗೆ ವಾರಸಾ ಪ್ರಮಾಣಪತ್ರ ಕೇಳಬಾರದು, ದಾಖಲೆ ಪೂರ್ತಿಯಾದ ಮೇಲೆ 15 ದಿನಗಳೊಳಗೆ ಹಣ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2005ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ನಾಮಿನಿ ಹಣದ ಒಡತಿಯಲ್ಲ, ವಾರಸುದಾರರ ಪರವಾಗಿ ಅದನ್ನು ಪಡೆಯುವವಳು. ಅವಳ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು, ಹಂಚಿಕೊಳ್ಳುವ ಮಾತು ನಮ್ಮ ಮನೆಯದು. ಇಷ್ಟಕ್ಕೂ ಬಸವರಾಜನ ಖಾತೆಗೆ ಬಸಪ್ಪನ ಆಧಾರ್ ಸಂಖ್ಯೆಯನ್ನು ಜೋಡಿಸಿಕೊಂಡವರು ಅವರೇ. ಅಂದು ಒಂದೇ ಆಗಿದ್ದ ಮನುಷ್ಯ ಇಂದು ಹೇಗೆ ಇಬ್ಬರಾದ? ಕೋರ್ಟಿಗೆ ಹೋದರೆ ವಕೀಲರ ಫೀ, ಕೋರ್ಟ್ ಶುಲ್ಕ, ತಕರಾರು ಕರೆಯುವ ನೋಟಿಸು, ಅದರ ಮೇಲೆ ತಿಂಗಳುಗಟ್ಟಲೆ ತಾರೀಖು.

‘ಸುದ್ದಿ ಹೇಳೂಕ್ಕಿಂತ ಮೊದಲ ಎಟಿಎಂನಾಗ ತಕ್ಕೋಬೇಕಿತ್ತವಾ’ ಎಂದು ಬುದ್ಧಿ ಹೇಳಿದ ಬೀಗರೂ ಉಂಟು. ಸತ್ತವರ ಕಾರ್ಡಿನಿಂದ ಹಣ ತೆಗೆಯುವುದು ತಪ್ಪು, ನಾಳೆ ವಾರಸುದಾರರಲ್ಲಿ ಒಬ್ಬರು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ ಎಂದು ನಾನೇ ಬೇಡವೆಂದಿದ್ದೆ. ಈಗ ಮನೆಯಲ್ಲಿ ಎಲ್ಲರಿಗೂ ನಾನೇ ಶಾಣ್ಯಾಕಿ.

ಹೊಲದ ವಾರಸಾಕ್ಕೆ ವಂಶವೃಕ್ಷ ಮಾಡಿಸುವಾಗಲೂ ಇದೇ ಹೆಸರಿನ ಗೋಳು, ಮೇಲೆ ‘ಕೊಟ್ಟ ಮಗಳ ಹೆಸರ ಯಾಕ ಬೇಕ್ರಿ’ ಎಂಬ ಪ್ರಶ್ನೆ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಹೆಂಡತಿ, ಗಂಡುಮಕ್ಕಳು, ತಾಯಿ ಇವರ ಸಾಲಿನಲ್ಲೇ ಮಗಳೂ ಅದರಲ್ಲಿದ್ದಾಳೆ. ಆ ಜಗಳ ಬೇರೆಯೇ ಇದೆ, ಇಲ್ಲಿ ಬೇಡ.

ನನಗೆ ಮರೆಯಲಾಗದ್ದು ಬ್ಯಾಂಕಿನಲ್ಲಿ ಅವ್ವನನ್ನು ಕಿಟಕಿಯ ಮುಂದೆ ನಿಲ್ಲಿಸಿ ‘ಯಜಮಾನರ ಹೆಸರು ಜೋರಾಗಿ ಹೇಳ್ರಿ, ಖರೇ ಹೆಸರು ಯಾವುದು’ ಎಂದು ಕೇಳಿದ್ದು. ನಲವತ್ತು ವರ್ಷಗಳ ಸಂಸಾರದಲ್ಲಿ ಮದುವೆ, ಸೀಮಂತಗಳಲ್ಲಿ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಅವ್ವ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಸರದಿಯಲ್ಲಿದ್ದ ಹತ್ತು ಜನರ ಮುಂದೆ ಸೆರಗನ್ನು ಬಾಯಿಗೆ ಹಿಡಿದು ‘ಬಸಪ್ಪ’ ಎಂದಳು. ‘ನೋಡ್ರಿ, ಅವರ ಬಸಪ್ಪ ಅಂತಾರ, ಖಾತೇದಾಗ ಬಸವರಾಜ ಐತಿ’ ಎಂದು ಆ ಪುಣ್ಯಾತ್ಮ ಕಾಗದಗಳನ್ನು ಹೊರಳಿಸಿ ನಮ್ಮ ಕಡೆಗೇ ತಳ್ಳಿದ.

ಅಂದಿನಿಂದ ಬಾಯಿಮಾತು ಬಿಟ್ಟಿದ್ದೇನೆ. ಯಾವ ನಿಯಮದ ಮೇಲೆ ವಾರಸಾ ಪ್ರಮಾಣಪತ್ರ ಕೇಳುತ್ತಿದ್ದೀರಿ ಎಂದು ಬರಹದಲ್ಲಿ ಕೊಡಿ ಎಂದು ದೂರು ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಕೇಳಿದೆ. ಶಿಕ್ಕಾ ಹಾಕಲು ಮುಕ್ಕಾಲು ತಾಸು ಕಾಯಿಸಿದರು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇವತ್ತಿಗೆ ಇಪ್ಪತ್ತಾರು ದಿನವಾದವು, ಉತ್ತರ ಬಂದಿಲ್ಲ.