ಬಾಳೆಹಣ್ಣಿನ ಬಣ್ಣದ ಹಾವು ಬೇಕಾಗಿದೆ

ಶಿವಮೊಗ್ಗದಲ್ಲಿ ನಾಯಿ ಸಾಕುವುದು ಈಗ ಹಳೇ ಫ್ಯಾಷನ್. ಪರ್ಷಿಯನ್ ಬೆಕ್ಕಿನ ಕಾಲವೂ ಮುಗಿಯುತ್ತಾ ಬಂತು. ಈಗ ಮನೆಗೆ ಬಂದವರಿಗೆ ಕಾಫಿ ಕೊಟ್ಟು, ರೂಮಿಗೆ ಕರೆದುಕೊಂಡು ಹೋಗಿ, ಪ್ಲಾಸ್ಟಿಕ್ ಡ್ರಾಯರ್ ಎಳೆದು ಹಾವು ತೋರಿಸಬೇಕು. ವಿನೋಬನಗರದ ಹುಡುಗನೊಬ್ಬ ನನಗೂ ತೋರಿಸಿದ. ಡ್ರಾಯರ್‌ಗೆ ಒಂದರಂತೆ ಬಾಲ್ ಪೈಥಾನ್ ಎಂಬ ಪರದೇಶದ ಹೆಬ್ಬಾವು. ಪಾಪ, ಎಲ್ಲವೂ ಸುರುಳಿ ಸುತ್ತಿಕೊಂಡು ಮಲಗಿದ್ದವು.

"ಇದು ಬನಾನ, ಇದು ಬಟರ್, ಇದು ಸಿನಮನ್. ಕೆಳಗಿನದು ವೆನಿಲಾ" ಎಂದ. ನಾನು ಅರ್ಧ ಕೆಜಿ ಕಟ್ಟಿಕೊಡು ಎನ್ನುವುದೊಂದು ಬಾಕಿ.

"ಇಷ್ಟು ಜಾತಿ ಹಾವು ಇದಾವೇನೋ?"

"ಜಾತಿ ಒಂದೇ ಅಂಕಲ್. ಮಾರ್ಫ್ ಬೇರೆ ಬೇರೆ."

ಜಾತಿ ಒಂದೇ, ಬಣ್ಣ ಸಾವಿರ. ದುಡ್ಡೆಲ್ಲ ಬಣ್ಣಕ್ಕೆ. ಘಾನಾ, ಟೋಗೊ, ಬೆನಿನ್ ಕಡೆಯ ಈ ಹಾವು ಕಾಡಿನಲ್ಲಿ ಕಂದು, ಕಪ್ಪು ಬಣ್ಣದಲ್ಲಿರುತ್ತದೆ. ಹಗಲೆಲ್ಲ ಬಿಲದಲ್ಲಿರುತ್ತದೆ, ರಾತ್ರಿ ಹೊರಗೆ ಬರುತ್ತದೆ. ಹೆದರಿಕೆಯಾದರೆ ತಲೆ ಒಳಗಿಟ್ಟು ಚೆಂಡಾಗುತ್ತದೆ. ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಇದಕ್ಕೆ ಗುಡಿಯೇ ಇದೆ. ನಮ್ಮ ನಾಗಬನದಲ್ಲಿ ಕಲ್ಲಿನ ನಾಗ, ಅಲ್ಲಿ ಜೀವಂತ ಹಾವುಗಳೇ ಗುಡಿಯೊಳಗೆ ಓಡಾಡಿಕೊಂಡಿರುತ್ತವೆ. ಆ ದೇವರು ಕಂದು ಬಣ್ಣದ್ದು. ನಮ್ಮ ಹುಡುಗನ ಲೆಕ್ಕದಲ್ಲಿ ಆ ದೇವರಿಗೆ ರೇಟಿಲ್ಲ. ಈ ವ್ಯಾಪಾರದಲ್ಲಿ ಕಾಡಿನ ಬಣ್ಣದ ಹಾವಿಗೆ 'ನಾರ್ಮಲ್' ಅನ್ನುತ್ತಾರೆ. ನಾರ್ಮಲ್ ಅಂದರೆ ಬೈಗುಳ.

ಈ ಹುಚ್ಚು ಶುರುವಾಗಿದ್ದು ಅಮೆರಿಕದಲ್ಲಿ. ಆಲ್ಬಿನೋ ಬಣ್ಣ ತಾಯಿ ತಂದೆಯಿಂದ ಮರಿಗಳಿಗೆ ಇಳಿಯುತ್ತದೆ ಎಂದು 1992ರಲ್ಲಿ ಅಲ್ಲಿನ ಬ್ರೀಡರ್ ಒಬ್ಬ ಮರಿ ಮಾಡಿಸಿ ತೋರಿಸಿದ. 1997ರಲ್ಲಿ ಬಿಳಿ ತೇಪೆಯ ಪೈಬಾಲ್ಡ್ ಬಂತು. ಮೊದಮೊದಲು ಒಂದೊಂದು ಹೊಸ ಬಣ್ಣದ ಹಾವಿಗೆ ಹತ್ತಾರು ಸಾವಿರ ಡಾಲರ್. ಅಷ್ಟು ಕೊಟ್ಟವನು ಸುಮ್ನೆ ಕೂರುತ್ತಾನಾ? ಮರಿ ಮಾಡಿಸಿ ಮಾರಿದ. ಕೊಂಡವನೂ ಮರಿ ಮಾಡಿಸಿದ. ಅವನಿಂದ ಕೊಂಡವನೂ ಅದನ್ನೇ ಮಾಡಿದ. ಈಗ ಅದೇ ಪೈಬಾಲ್ಡ್ ಕೆಲವು ನೂರು ಡಾಲರ್‌ಗೆ ಸಿಗುತ್ತದೆ.

ಮಲೆನಾಡಿನವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. 2003ರ ಹೊತ್ತಿಗೆ ವೆನಿಲಾ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ಬಂದಾಗ ನಾವು ಅಡಿಕೆ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದೆವು. ರಾತ್ರಿ ಬ್ಯಾಟರಿ ಹಿಡಿದು ತೋಟ ಕಾದೆವು. ಆ ದಿನಗಳಲ್ಲಿ ಕೋಡಿಗಿಂತ ಜಾಸ್ತಿ ದುಡ್ಡು ಮಾಡಿದವರು ಬಳ್ಳಿಯ ತುಂಡು ಮಾರಿದವರು. ವರ್ಷ ಎರಡು ಕಳೆಯುವಷ್ಟರಲ್ಲಿ ದರ ಪಾತಾಳಕ್ಕೆ ಹೋಯಿತು. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು. ವೆನಿಲಾ ಹಾವಿಗೆ ಆ ಅನುಕೂಲವೂ ಇಲ್ಲ. ದರ ಬಿದ್ದ ಮೇಲೂ ಅದು ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಇಲಿ ಕೇಳುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು '66 ಪರ್ಸೆಂಟ್ ಹೆಟ್' ಎಂಬ ಮಾಲು. ನೋಡಲು ಮಾಮೂಲಿ ಕಂದು ಹಾವು. ಹಾಗಾದರೆ ರೇಟು ಯಾಕೆ ಜಾಸ್ತಿ? ಅದರೊಳಗೆ ಆಲ್ಬಿನೋ ಜೀನ್ ಅಡಗಿರಬಹುದು. ಹಾಗೆ ಅಡಗಿದ್ದರೆ ಅದು 'ಹೆಟ್'. ಜೀನ್ ಅಡಗಿರುವ ಎರಡು ಹಾವು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಬಣ್ಣ ಬರುವ ಲೆಕ್ಕ. ಉಳಿದ ಮೂರು ಕಂದು. ಆ ಮೂರರಲ್ಲಿ ಎರಡರೊಳಗೆ ಜೀನ್ ಇರುತ್ತದೆ, ಯಾವ ಎರಡು ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ 66 ಪರ್ಸೆಂಟ್. ಇದೆಯೋ ಇಲ್ಲವೋ ತಿಳಿಯಲು ಹೆಣ್ಣು ಮರಿಯಾದರೆ ಸುಮಾರು ಮೂರು ವರ್ಷ ಸಾಕಿ, ಜೋಡಿ ಮಾಡಿ, ಮೊಟ್ಟೆ ಒಡೆಯುವವರೆಗೆ ಕಾಯಬೇಕು. ಅಷ್ಟರೊಳಗೆ ಮಾರಿದವನು ಫೋನ್ ನಂಬರ್ ಬದಲಿಸಿರುತ್ತಾನೆ. ಇರಬಹುದಾದದ್ದನ್ನು ಮಾರುವ ವಿದ್ಯೆ ಚುನಾವಣೆ ಹೊತ್ತಿನಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ.

ಸ್ಪೈಡರ್ ಅಂತ ಇನ್ನೊಂದಿದೆ. ಜೇಡರ ಬಲೆಯಂಥ ಗೆರೆ, ನೋಡಲು ಚೆಂದ. ಆದರೆ ಆ ಜೀನ್ ಬಂದರೆ ಒಳಕಿವಿಯ ರಚನೆ ಕೆಡುತ್ತದೆ. ಹಾವಿಗೆ ತಲೆ ನೆಟ್ಟಗೆ ನಿಲ್ಲುವುದಿಲ್ಲ, ಅಲ್ಲಾಡುತ್ತಲೇ ಇರುತ್ತದೆ. ಕೆಲವಕ್ಕೆ ಮೇಲು ಕೆಳಗೆ ತಿಳಿಯದೆ ಕತ್ತು ತಿರುಚಿಕೊಳ್ಳುತ್ತದೆ. ಇಲಿ ಎದುರಿಗಿದ್ದರೂ ಗುರಿ ತಪ್ಪುತ್ತದೆ. ಇದು ಗೊತ್ತಾದ ಮೇಲೂ ಅದನ್ನು ಪೇಸ್ಟಲ್ ಎಂಬ ಇನ್ನೊಂದು ಮಾರ್ಫ್ ಜೊತೆ ಕೂಡಿಸಿ 'ಬಂಬಲ್‌ಬೀ' ಎಂದು ಮಾರಿದರು. "ತಲೆ ಅಲ್ಲಾಡಿಸೋದು ಕ್ಯೂಟ್ ಅಲ್ವಾ ಅಂಕಲ್?" ಎಂದು ಹುಡುಗ ಕೇಳಿದ. ನಾನು ತಲೆ ಅಲ್ಲಾಡಿಸಲಿಲ್ಲ.

ಈ ಲೋಕದಲ್ಲಿ ನಿಜವಾಗಿ ಅಪರೂಪದ ಹೆಬ್ಬಾವುಗಳೂ ಇವೆ. ನ್ಯೂಗಿನಿಯ ಎತ್ತರದ ಬೆಟ್ಟಗಳಲ್ಲಿ ಬೋಲೆನ್ಸ್ ಪೈಥಾನ್ ಅಂತ ಒಂದಿದೆ. ಕರಿ ಮೈ, ಬಿಸಿಲು ಬಿದ್ದರೆ ನೀಲಿ ನೇರಳೆ ಮಿಂಚು, ಪಕ್ಕದಲ್ಲಿ ಹಳದಿ ಪಟ್ಟಿ. ಅದನ್ನು ಸಾಕಿ ಮರಿ ಮಾಡಿಸಿದವರು ಜಗತ್ತಿನಲ್ಲೇ ಬೆರಳೆಣಿಕೆ. ತಂಪು ಎಷ್ಟಿರಬೇಕು, ಯಾವಾಗ ಜೋಡಿ ಮಾಡಬೇಕು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರೂ ಅದು ಮನಸ್ಸು ಮಾಡಿದರೆ ಉಂಟು. ಇಷ್ಟೆಲ್ಲ ಮಾಡಿ ಮರಿ ಬಂದರೆ ಅದೂ ಅಪ್ಪ ಅಮ್ಮನಂಥದ್ದೇ ಹಾವಾಗಿ ಬೆಳೆಯುತ್ತದೆ. ಇದೇ ಅದರ ದೊಡ್ಡ ದೋಷ. ಹೊಸ ಬಣ್ಣ ಇಲ್ಲ, ಹೊಸ ಹೆಸರಿಲ್ಲ, ರೀಲ್ಸ್‌ಗೆ ವಾರಕ್ಕೊಂದು ಸರಕಿಲ್ಲ. ಬಾಲ್ ಪೈಥಾನ್ ಆದರೆ ಡ್ರಾಯರ್‌ನಲ್ಲಿಟ್ಟರೂ ಮೊಟ್ಟೆ ಇಡುತ್ತದೆ. ಮೊಟ್ಟೆ ತೆಗೆದು ಇನ್‌ಕ್ಯುಬೇಟರ್‌ಗೆ ಹಾಕಿದರಾಯಿತು.

ನಮ್ಮದೇ ಹೆಬ್ಬಾವಿಗಾದರೂ ಮರ್ಯಾದೆ ಇದೆಯಾ ಎಂದರೆ ಆ ಕತೆ ಬೇರೆ. ಹುಡುಗನ ಸೋದರಮಾವನದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಬೇಸಿಗೆಯಲ್ಲಿ ಅವರ ಫೋನ್ ಬಂತು.

"ಮಾರಾಯ, ದರಗಿನ ರಾಶಿ ಹತ್ರ ಹೆಬ್ಬಾವು ಮೊಟ್ಟೆ ಇಟ್ಟು ಕೂತಿದೆ. ನೀನು ಹಾವಿನವನಲ್ವಾ, ಬಂದು ನೋಡು."

"ಕಲರ್ ಹೇಗಿದೆ ಮಾವ?"

"ಹೆಬ್ಬಾವು ಹೆಬ್ಬಾವಿನ ಬಣ್ಣಕ್ಕೇ ಇದೆ."

"ಓ, ನಾರ್ಮಲ್ಲಾ. ಫಾರೆಸ್ಟಿನವರಿಗೆ ಫೋನ್ ಮಾಡಿ."

ಆ ನಾರ್ಮಲ್ ತಾಯಿ ಸುಮಾರು ಎರಡು ತಿಂಗಳು ಮೊಟ್ಟೆಗಳನ್ನು ಸುತ್ತಿಕೊಂಡು ಕೂರುತ್ತಾಳೆ. ಊಟವೂ ಹೆಚ್ಚುಕಡಿಮೆ ಬಂದ್. ತಂಪು ಜಾಸ್ತಿಯಾದರೆ ಮೈಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತಾಳೆ. ತಣ್ಣನೆ ರಕ್ತದ ಪ್ರಾಣಿ ನಡುಗಿ ನಡುಗಿ ಕಾವು ಕೊಡುತ್ತದೆ! ಹಾವುಗಳಲ್ಲಿ ಇದನ್ನು ಮಾಡಬಲ್ಲವು ಬಹಳ ಕಡಿಮೆ. ಹುಡುಗನ ಡ್ರಾಯರ್‌ನ ಬೇಕರಿ ಹಾವುಗಳಿಗೆ ಈ ವಿದ್ಯೆ ಗೊತ್ತಿಲ್ಲ.

ಕಾನೂನಿನ ವಿಷಯಕ್ಕೆ ಬರೋಣ. ನಮ್ಮ ಹೆಬ್ಬಾವು ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಹಿಡಿದು ಸಾಕಿದರೆ ಮೂರರಿಂದ ಏಳು ವರ್ಷ ಜೈಲು. ಸರಿಯಾಗಿಯೇ ಇದೆ, ನನ್ನ ತಕರಾರಿಲ್ಲ. ಪರದೇಶದ ಹಾವಿಗೆ ಮಾತ್ರ ಸರ್ಕಾರದ ಕರುಳು ಬೇರೆ. 2020ರಲ್ಲಿ ಆರು ತಿಂಗಳು ಟೈಮ್ ಕೊಟ್ಟು, ಇಂಥ ಪ್ರಾಣಿ ಇಟ್ಟುಕೊಂಡಿದ್ದರೆ ನೀವೇ ಹೇಳಿಬಿಡಿ, ದಾಖಲೆ ಕೇಳುವುದಿಲ್ಲ ಎಂದಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2024ರಲ್ಲಿ ನಿಯಮ ಬಂದು, ಆನ್‌ಲೈನ್ ಅರ್ಜಿ ಹಾಕಿ ನೋಂದಾಯಿಸಲು ಮತ್ತೆ ಆರು ತಿಂಗಳು. ಮರಿ ಹುಟ್ಟಿದರೆ ತಿಳಿಸಬೇಕು, ಸತ್ತರೂ ತಿಳಿಸಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರ ಕೇಳಿಕೊಂಡು ಶಿವಮೊಗ್ಗದಲ್ಲಿ ಧರಣಿ ಕೂರುತ್ತವೆ. ಘಾನಾದ ಹಾವಾಗಿ ಹುಟ್ಟಿದ್ದರೆ ಪೋರ್ಟಲ್ ಆದರೂ ಇರುತ್ತಿತ್ತು.

ಅರ್ಜಿ ಬೇಡ ಎನ್ನುವವರಿಗೆ ಸೂಟ್‌ಕೇಸ್ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜು ಬಿಚ್ಚಿದರೆ 55 ಬಣ್ಣಬಣ್ಣದ ಬಾಲ್ ಪೈಥಾನ್. ಜೊತೆಗೆ ಆರು ಕಪುಚಿನ್ ಮಂಗಗಳು, ಸತ್ತು ಹೋಗಿದ್ದವು. ಇನ್ನೂ 17 ಹಾವು ಇದ್ದವು. ಯಾವುವು ಅಂತೀರಿ? ಕಾಳಿಂಗ ಸರ್ಪ! ಆಗುಂಬೆ ಇರುವ ರಾಜ್ಯಕ್ಕೆ ವಿಮಾನದಲ್ಲಿ ಕಾಳಿಂಗ ಸರ್ಪ ತರಿಸುತ್ತಾರೆ. ಮರುವರ್ಷವೇ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ವಿಜ್ಞಾನಿಗಳು ತೋರಿಸಿ, ಅದಕ್ಕೆ 'ಕಾಳಿಂಗ' ಎಂದೇ ವೈಜ್ಞಾನಿಕ ಹೆಸರಿಟ್ಟರು. ಇಂಪೋರ್ಟೆಡ್ ಅಲ್ಲದ್ದರಿಂದ ಆ ಸುದ್ದಿಗೆ ಲೈಕ್ ಕಡಿಮೆ.

ಬಣ್ಣವೇ ಬೇಕೆಂದರೆ ಮಳೆಗಾಲದಲ್ಲಿ ಆಗುಂಬೆಗೆ ಹೋಗಿ. ಮಲಬಾರ್ ಪಿಟ್ ವೈಪರ್ ಹಸಿರು, ಕಂದು, ಹಳದಿ, ಕಿತ್ತಳೆ, ಎಲ್ಲ ಬಣ್ಣದಲ್ಲೂ ಟೊಂಗೆಯ ಮೇಲೆ ಕೂತಿರುತ್ತದೆ. ಬ್ರೀಡರ್ ಇಲ್ಲ, ಡ್ರಾಯರ್ ಇಲ್ಲ, ಪರ್ಸೆಂಟೇಜೂ ಇಲ್ಲ. ದೂರದಿಂದ ನೋಡಿ, ವಿಷವಿದೆ.

ಆದರೂ ಊರ ಹೆಬ್ಬಾವಿಗೆ ಮಾರ್ಕೆಟ್ ಇಲ್ಲ ಎಂಬ ಕೊರಗು ಉಳಿಯಬಾರದು. ಇದಕ್ಕೆ ನನ್ನ ಸಲಹೆ ಒಂದು ನಿಗಮ. ನಿಗಮಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೆ ಗೂಟದ ಕಾರು. ಟಿಕೆಟ್ ಸಿಗದೆ ಮುನಿಸಿಕೊಂಡವರು ಎಲ್ಲ ಪಕ್ಷದಲ್ಲೂ ಇದ್ದಾರೆ, ಜನಕ್ಕೆ ಬರವಿಲ್ಲ. ನಿಗಮದ ಕೆಲಸ ಇಷ್ಟೇ: ತೀರ್ಥಹಳ್ಳಿ, ಹೊಸನಗರ, ಸಾಗರದ ಹೆಬ್ಬಾವುಗಳಿಗೆ ಬಾಳೆಹಣ್ಣಿನ ಬಣ್ಣ ಬಳಿಸುವುದು. ಟೆಂಡರ್ ಕರೆದೇ ಬಳಿಸಬೇಕು. ಬಳಿಯುವಾಗ ಹೆಬ್ಬಾವು ಗುತ್ತಿಗೆದಾರರನ್ನು ಸುತ್ತಿಕೊಂಡರೆ ಅದನ್ನು ಪ್ರಕೃತಿ ವಿಕೋಪ ಎಂದು ಪರಿಗಣಿಸಿ ಪರಿಹಾರ ಕೊಡಬೇಕು. ಹಾವು ಪೊರೆ ಬಿಟ್ಟರೆ ಬಣ್ಣ ಹೋಗುತ್ತದಲ್ಲ ಎಂದು ಬುದ್ಧಿವಂತರೊಬ್ಬರು ಆಕ್ಷೇಪ ತೆಗೆದರು. ಹೋಗಲಿ ಬಿಡಿ. ಪೊರೆಗೊಂದು ಹೊಸ ಟೆಂಡರ್. ಪ್ರತಿ ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗೆ ಡಾಂಬರು ಹಾಕುವವರು ಈ ಮಾತಿಗೆ ಆಗಲೇ ಒಪ್ಪಿಗೆ ಕೊಟ್ಟಾಗಿದೆ.