ದಯವಿಟ್ಟು ಆ ಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ

ಇವತ್ತು ಲ್ಯಾಮಿನೇಟ್ ಮಾಡಿಸಿದ ಮತ್ತೊಂದು ಹಳೆಯ ಪತ್ರ ನೋಡಿದೆ. ನಿಜಲಿಂಗಪ್ಪನವರ ಸಹಿ ಇರುವ ಟೈಪ್ ಮಾಡಿದ ಹಾಳೆ, ಮೇಲೆ ಕೆಳಗೆ ಹೊಳೆಯುವ ಪ್ಲಾಸ್ಟಿಕ್. 'ಅಜ್ಜನಿಗೆ ಬಂದ ಪತ್ರ, ಹಾಳಾಗಬಾರದಲ್ಲ' ಅಂದರು. ಪ್ರೀತಿಯಿಂದಲೇ ಮಾಡಿಸಿದ್ದಾರೆ. ಸಂಕಟ ಇರುವುದೇ ಅಲ್ಲಿ.

ಜೆರಾಕ್ಸ್ ಅಂಗಡಿಯ ಆ ಯಂತ್ರದಲ್ಲಿ ಶಾಖ 100 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ಕಿನ ಒಳಮೈಯ ಅಂಟು ಕರಗಿ ಕಾಗದದ ನಾರಿಗೆ ಇಳಿಯುತ್ತದೆ. ಆಮೇಲೆ ಕೀಳಲು ಹೋದರೆ ಕಾಗದದ ಮೇಲ್ಪದರ ಸಹಿಯ ಸಮೇತ ಎದ್ದು ಬರುತ್ತದೆ. ಹಳೆಯ ಕಾಗದದ ಆಮ್ಲ ಒಳಗೇ ಉಳಿದು ಹಾಳೆಯನ್ನು ಕಂದಾಗಿಸುತ್ತ ಹೋಗುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಸಾಕ್ಷ್ಯದ್ದು. ಪತ್ರ ಅಸಲಿಯೋ ಅಲ್ಲವೋ ಎಂದು ಹೇಳುವುದು ಕಾಗದದ ಮೈ. ಟೈಪ್‌ರೈಟರಿನ ಅಕ್ಷರ ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ಸಿಗುವಂತೆ ಉಬ್ಬಿರುತ್ತದೆ, ಪೂರ್ಣವಿರಾಮವಂತೂ ಕೆಲವೊಮ್ಮೆ ತೂತೇ ಮಾಡಿರುತ್ತದೆ. ಓರೆಯಾಗಿ ಟಾರ್ಚ್ ಹಿಡಿದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ನಿಬ್ಬು ಒತ್ತಿದ, ಎತ್ತಿದ ಜಾಗ ಕಾಣುತ್ತದೆ. ರಬ್ಬರ್ ಸ್ಟಾಂಪಿನಲ್ಲಿ ಆ ಏರಿಳಿತ ಇರುವುದಿಲ್ಲ, ಮುದ್ರಿಸಿದ ಸಹಿಯಲ್ಲಿ ಚುಕ್ಕಿಗಳು ಕಾಣಬಹುದು. ಅಮೆರಿಕದಲ್ಲಿ ಕೆನಡಿ ಕಾಲದಲ್ಲೇ ಸಹಿ ಹಾಕುವ ಯಂತ್ರ ಧಾರಾಳವಾಗಿ ಬಳಕೆಯಲ್ಲಿತ್ತು. ಎರಡು ಸಹಿ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂತರೆ ಅದು ಮನುಷ್ಯನ ಕೈಯಲ್ಲ. 1950ರ ನಂತರದ ಕಾಗದಗಳಿಗೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಯಾಯಿತು, ಅತಿನೇರಳೆ ಬೆಳಕಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. 1930ರ ಪತ್ರ ಹಾಗೆ ಹೊಳೆದರೆ ಅನುಮಾನ ಪಡಲೇಬೇಕು. ನಡುವೆ ಪ್ಲಾಸ್ಟಿಕ್ಕೂ ಅಂಟೂ ಇದ್ದರೆ ಇದ್ಯಾವ ಪರೀಕ್ಷೆಯನ್ನೂ ನೆಚ್ಚಿಕೊಳ್ಳಲಾಗದು.

ಆಮೇಲೆ ಉಳಿಯುವುದು ಓದಿ ತಿಳಿಯುವ ಸಂಗತಿ ಮಾತ್ರ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಹಿಂದಿನ ತಾರೀಖಿನ ಲೆಟರ್‌ಹೆಡ್ಡಿನಲ್ಲಿ ಬೆಂಗಳೂರಿನ 560001 ಇದ್ದರೆ ಕೈಬಿಡಿ. 'ಕರ್ನಾಟಕ ಸರ್ಕಾರ' 1973ರ ನವೆಂಬರ್ 1ಕ್ಕೆ ಮೊದಲು ಇರಲಿಲ್ಲ, ಅಲ್ಲಿಯವರೆಗೆ ಮೈಸೂರು. ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾಗಿದ್ದದ್ದು 1956ರಲ್ಲಿ ಕೆಲವೇ ತಿಂಗಳು; ಮುಖ್ಯಮಂತ್ರಿ ಎಂದು ಅವರು ಸಹಿ ಹಾಕಿದ ಪತ್ರಕ್ಕೆ ಬೇರೆ ವರ್ಷದ ತಾರೀಖಿದ್ದರೆ ಅನುಮಾನಿಸಿ. ಲಕೋಟೆ ಇದ್ದರೆ ಇನ್ನೂ ಒಳ್ಳೆಯದು: ಅಂಚೆಚೀಟಿಯ ಬೆಲೆ ನೋಡಬಹುದು, 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾಪೈಸೆ ಬಂತು. ಆದರೆ ಲ್ಯಾಮಿನೇಟ್ ಮಾಡಿಸುವಾಗ ಬಹಳ ಜನ ಮೊದಲು ಎಸೆಯುವುದು ಲಕೋಟೆಯನ್ನೇ!

'ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದಲ್ಲ, ಗೆದ್ದಲು ತಿನ್ನುತ್ತದಲ್ಲ' ಅನ್ನುತ್ತಾರೆ. ನಿಜ. ಅದಕ್ಕೆ ಬೇರೆ ದಾರಿ ಇದೆ, ಕಡಿಮೆ ಖರ್ಚಿನದೇ. ಅಂಟಿಲ್ಲದ ಪಾಲಿಯೆಸ್ಟರ್ ಕವರ್, ಎರಡು ಬದಿಯಾದರೂ ತೆರೆದಿರಲಿ. ಪಿವಿಸಿ ಕವರ್ ಬೇಡ, ಅದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಹಿಂದೆ ಆಮ್ಲವಿಲ್ಲದ ದಪ್ಪ ಹಾಳೆ. ಮಡಿಕೆ ಬಿಡಿಸಿ, ಮಲಗಿಸಿ, ನೆಲದಿಂದ ಎತ್ತರದ ಕಪಾಟಿನಲ್ಲಿಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿರಲಿ, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಬದಲಾಯಿಸುತ್ತಿರಿ.

ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ. ಅದರಡಿ ಪಾಲಿಯೆಸ್ಟರಿನ ಸಣ್ಣ ಪಟ್ಟಿ ತೂರಿಸಿ, ಕಾಗದ ಹರಿಯದಂತೆ ನಿಧಾನ ಸಡಿಲಿಸಿ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ. ಗೋಡೆಗೆ ಹಾಕಲೇಬೇಕೆಂದರೆ ಬಣ್ಣದ ಪ್ರತಿ ತೆಗೆದು ಅದಕ್ಕೆ ಫ್ರೇಮ್ ಹಾಕಿಸಿ. ತೊಳೆದರೆ ಹೋಗುವ ನೀಲಿ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.

ಈಗಾಗಲೇ ಲ್ಯಾಮಿನೇಟ್ ಆಗಿಹೋಗಿದ್ದರೆ ಬಿಡಿಸಲು ಕೈ ಹಾಕಬೇಡಿ, ಇಸ್ತ್ರಿಪೆಟ್ಟಿಗೆ ಬಿಸಿಯಂತೂ ತೋರಿಸಲೇಬೇಡಿ. ಎರಡೂ ಬದಿಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಕತ್ತಲಲ್ಲಿಡಿ, ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಲಕೋಟೆ ಎಲ್ಲಾದರೂ ಉಳಿದಿದೆಯೇ ಎಂದು ಮನೆಯವರನ್ನು ಒಮ್ಮೆ ಕೇಳಿ.